ಮನಸ್ಸಿಗೂ ಇದೆ ಮರುಮೌಲ್ಯಮಾಪನ

ಮುಸ್ಸಂಜೆಯಲ್ಲಿ ಹಿತ್ತಲ ದಾರಿಯಲ್ಲಿ ಬಿದ್ದಿರುವ ಹಗ್ಗವನ್ನು ಕಂಡು ಹಾವೆಂದು ಬೆಚ್ಚಿಬೀಳುವವನ ಉದಾಹರಣೆ ನಮ್ಮಲ್ಲಿ ಬಹಳ ಹಳೆಯದು. ಜಗತ್ತಿನ ಸ್ವರೂಪವನ್ನು ವಿವರಿಸಲು ವೇದಾಂತಿಗಳು ಅದನ್ನು ಬಳಸಿದರು. ಮನಶ್ಶಾಸ್ತ್ರದ ಕಣ್ಣಿನಿಂದ ನೋಡಿದರೆ ಅದೇ ಉದಾಹರಣೆಯಲ್ಲಿ ಇನ್ನೊಂದು ಸಂಗತಿ ಕಾಣುತ್ತದೆ. ಅಲ್ಲಿದ್ದ ಹಾವು ಸುಳ್ಳು. ಆದರೆ ಹುಟ್ಟಿದ ಹೆದರಿಕೆ ಸುಳ್ಳಲ್ಲ. ಎದೆ ನಿಜವಾಗಿಯೂ ಹೊಡೆದುಕೊಂಡಿತು, ಅಂಗೈ ನಿಜವಾಗಿಯೂ ಬೆವರಿತು, ಕಾಲು ನಿಜವಾಗಿಯೂ ನಡುಗಿತು. ನಮ್ಮ ದೇಹ ಪ್ರತಿಕ್ರಿಯೆ ತೋರಿಸುವುದು ಎದುರಿಗಿರುವ ವಸ್ತುವಿಗಲ್ಲ, ಆ ವಸ್ತುವನ್ನು ನಾವು ಏನೆಂದು ತಿಳಿದೆವೋ ಆ ತಿಳಿವಳಿಕೆಗೆ.

ದೀಪ ತಂದು ನೋಡಿದ ಮೇಲೆ ಏನಾಗುತ್ತದೆ? ಹಗ್ಗ ಬದಲಾಗುವುದಿಲ್ಲ. ಅದರ ಅರ್ಥ ಬದಲಾಗುತ್ತದೆ. ಅದರೊಂದಿಗೆ ಹೆದರಿಕೆಯೂ ಇಳಿಯುತ್ತದೆ. ಕಷ್ಟದ ಭಾವನೆಗಳನ್ನು ನಿಭಾಯಿಸಲು ಇಂದಿನ ಮನಶ್ಶಾಸ್ತ್ರಜ್ಞರು ಕಲಿಸುವ ಮುಖ್ಯ ವಿಧಾನಗಳಲ್ಲಿ ಒಂದು ಹೀಗೆ ದೀಪ ತರುವ ಕೆಲಸವೇ. ಅದಕ್ಕೆ ಕನ್ನಡದಲ್ಲಿ ಹೊಸ ಪದವನ್ನು ಹುಡುಕಬೇಕಾಗಿಲ್ಲ. ಫಲಿತಾಂಶದ ದಿನಗಳಲ್ಲಿ ನೀವೆಲ್ಲ ಕೇಳುವ ‘ಮರುಮೌಲ್ಯಮಾಪನ’ ಎಂಬ ಪದವೇ ಇದಕ್ಕೆ ಸರಿಯಾಗಿ ಒಪ್ಪುತ್ತದೆ.

ಮರುಮೌಲ್ಯಮಾಪನ ಎಂದರೆ ದಯೆಯಲ್ಲ

ಉತ್ತರಪತ್ರಿಕೆಯ ಮರುಮೌಲ್ಯಮಾಪನದಲ್ಲಿ ಏನು ನಡೆಯುತ್ತದೆಂದು ಒಮ್ಮೆ ನೆನಪಿಸಿಕೊಳ್ಳಿ. ವಿದ್ಯಾರ್ಥಿಗೆ ಬೇಸರವಾಗಿದೆಯೆಂದು ಅಲ್ಲಿ ಯಾರೂ ಅಂಕ ಕೊಡುವುದಿಲ್ಲ. ಒಂದೊಂದು ಉತ್ತರವನ್ನೂ ಹೊಸದಾಗಿ ಓದುತ್ತಾರೆ. ಅಂಕ ಹೆಚ್ಚಬಹುದು, ಇದ್ದಷ್ಟೇ ಉಳಿಯಬಹುದು. ಮೊದಲ ಬಾರಿ ಕೊಟ್ಟ ಅಂಕವೇ ಕೊನೆಯ ಮಾತಲ್ಲ ಎಂಬುದಷ್ಟೇ ಅದರ ಹಿಂದಿನ ತತ್ವ.

ಮನಸ್ಸಿನ ವಿಷಯದಲ್ಲಿಯೂ ಹಾಗೆಯೇ. ಒಂದು ಘಟನೆ ನಡೆದ ಕೂಡಲೇ ಮನಸ್ಸು ಅವಸರದಲ್ಲಿ ಒಂದು ತೀರ್ಪು ಬರೆದುಬಿಡುತ್ತದೆ. “ನನ್ನಿಂದ ಆಗುವುದಿಲ್ಲ”, “ಅವನು ಬೇಕೆಂದೇ ನನ್ನನ್ನು ಅವಮಾನಿಸಿದ”, “ಇನ್ನು ಎಲ್ಲ ಮುಗಿಯಿತು” ಎಂಬಂತಹವು ಆ ತೀರ್ಪುಗಳು. ಅವನ್ನು ಮತ್ತೊಮ್ಮೆ ಮೇಜಿನ ಮೇಲಿಟ್ಟು ಓದುವುದೇ ಮನಸ್ಸಿನ ಮರುಮೌಲ್ಯಮಾಪನ. “ಎಲ್ಲ ಒಳ್ಳೆಯದೇ ಆಗುತ್ತದೆ ಎಂದುಕೊಳ್ಳಿ” ಎಂಬ ಉಪದೇಶಕ್ಕೂ ಇದಕ್ಕೂ ಬಹಳ ದೂರ. ದೀಪ ತಂದು ನೋಡಿದಾಗ ಅದು ನಿಜವಾಗಿಯೂ ಹಾವೇ ಆಗಿದ್ದರೆ ಹಿಂದಕ್ಕೆ ಸರಿಯುವುದೇ ವಿವೇಕ. ದೀಪದ ಕೆಲಸ ಸಮಾಧಾನ ಹೇಳುವುದಲ್ಲ, ಇರುವುದನ್ನು ತೋರಿಸುವುದು.

ಈ ವಿಚಾರ ಇಂದು ನಿನ್ನೆಯದಲ್ಲ. ಸುಮಾರು 1900 ವರ್ಷಗಳ ಹಿಂದೆ ಬದುಕಿದ್ದ ಎಪಿಕ್ಟೀಟಸ್ ಎಂಬ ಗ್ರೀಕ್ ತತ್ವಜ್ಞಾನಿ, ನಮ್ಮನ್ನು ಕಲಕುವುದು ಘಟನೆಗಳಲ್ಲ, ಅವುಗಳ ಬಗ್ಗೆ ನಾವು ಮಾಡಿಕೊಳ್ಳುವ ತೀರ್ಮಾನಗಳು ಎಂದು ಬೋಧಿಸಿದ. ಈತ ಗುಲಾಮನಾಗಿ ಬಾಳಿ ನಂತರ ಬಿಡುಗಡೆ ಹೊಂದಿದವನು. ಕಷ್ಟ ಕಾಣದವನ ಮಾತಲ್ಲ ಇದು. ನಮ್ಮ ಪತಂಜಲಿಯ ಯೋಗಸೂತ್ರಗಳಲ್ಲಿ, ಬಾಧಿಸುವ ಆಲೋಚನೆಗಳು ಬಂದಾಗ ‘ಪ್ರತಿಪಕ್ಷ ಭಾವನೆ’ಯನ್ನು ಮಾಡಬೇಕೆಂಬ ಸೂಚನೆಯಿದೆ. ಕನ್ನಡದಲ್ಲಿಯೂ ಮನಸ್ಸಿನ ಬಗ್ಗೆ ಸರಳವಾಗಿ ಬರೆಯುವ ಪರಂಪರೆ ಇದೆ. 1942ರಲ್ಲಿ ‘ಕೊರವಂಜಿ’ ಹಾಸ್ಯ ಮಾಸಪತ್ರಿಕೆಯನ್ನು ಆರಂಭಿಸಿದ ವೈದ್ಯ ಡಾ. ಎಂ. ಶಿವರಾಂ, ಅಂದರೆ ಎಲ್ಲರ ರಾಶಿಯವರು, ಮನಸ್ಸನ್ನೇ ವಿಷಯವಾಗಿಟ್ಟುಕೊಂಡು ಬರೆದ ‘ಮನಮಂಥನ’ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತು.

ಒಂದೇ ಚಿತ್ರ, ಬೇರೆ ಬೇರೆ ಧ್ವನಿ

ಹಳೆಯ ತತ್ವವಿಚಾರವನ್ನು ಪ್ರಯೋಗಶಾಲೆಗೆ ತಂದವರಲ್ಲಿ ಅಮೆರಿಕದ ಬರ್ಕ್‌ಲಿಯಲ್ಲಿದ್ದ ಮನಶ್ಶಾಸ್ತ್ರಜ್ಞ ರಿಚರ್ಡ್ ಲಾಜರಸ್ ಪ್ರಮುಖರು. ದೂರದರ್ಶನದಲ್ಲಿ ಕೆಲಸ ಮಾಡುವವರಿಗೆ ಅವರ ಪ್ರಯೋಗ ತಕ್ಷಣ ಅರ್ಥವಾಗುತ್ತದೆ. ಸಂಕಲನದ ಮೇಜಿನ ಮುಂದೆ ಕುಳಿತವರೆಲ್ಲ ಬಲ್ಲ ಮಾತೊಂದಿದೆ: ಒಂದೇ ದೃಶ್ಯಕ್ಕೆ ಬೇರೆ ಸಂಗೀತವನ್ನೋ ಬೇರೆ ವಿವರಣೆಯನ್ನೋ ಸೇರಿಸಿದರೆ ಅದು ಬೇರೆಯೇ ದೃಶ್ಯವಾಗುತ್ತದೆ. ಲಾಜರಸ್ ಮತ್ತು ಸಂಗಡಿಗರು 1964ರಲ್ಲಿ ಪ್ರಕಟಿಸಿದ ಪ್ರಯೋಗ ಇದನ್ನು ಅಳತೆ ಮಾಡಿ ತೋರಿಸಿತು.

ಅವರು ಬಳಸಿದ್ದು ಆಸ್ಟ್ರೇಲಿಯಾದ ಮೂಲನಿವಾಸಿಗಳ ದೀಕ್ಷಾವಿಧಿಯೊಂದರ ಚಿತ್ರ. ಅದರಲ್ಲಿ ಹದಿಹರೆಯದ ಹುಡುಗರ ದೇಹಕ್ಕೆ ಕಲ್ಲಿನ ಅಲಗಿನಿಂದ ಶಸ್ತ್ರಕ್ರಿಯೆ ಮಾಡುವ, ನೋಡಲು ಕಷ್ಟವಾಗುವ ದೃಶ್ಯಗಳಿದ್ದವು. ಒಂದು ಗುಂಪಿಗೆ ಚಿತ್ರವನ್ನು ಧ್ವನಿಯಿಲ್ಲದೆ ತೋರಿಸಿದರು. ಎರಡನೆಯ ಗುಂಪಿಗೆ ನೋವನ್ನು ಎತ್ತಿ ಹೇಳುವ ವಿವರಣೆ ಕೇಳಿಸಿತು. ಮೂರನೆಯದಕ್ಕೆ ಇದು ಹುಡುಗರಿಗೆ ಅಂಥ ನೋವಿನ ಸಂಗತಿಯಲ್ಲ, ಸಂಭ್ರಮದ್ದು ಎಂಬ ವಿವರಣೆ. ನಾಲ್ಕನೆಯದಕ್ಕೆ ಮಾನವಶಾಸ್ತ್ರದ ಅಧ್ಯಾಪಕರು ಪಾಠ ಮಾಡುವಂತಹ ತಣ್ಣನೆಯ ವಿವರಣೆ. ನೋಡುವವರ ಹೃದಯದ ಬಡಿತವನ್ನೂ, ಚರ್ಮದ ವಿದ್ಯುತ್ ವಾಹಕತೆಯನ್ನೂ ಯಂತ್ರಗಳು ದಾಖಲಿಸುತ್ತಿದ್ದವು. ಬೆವರು ಹೆಚ್ಚಿದಂತೆ ಚರ್ಮದ ವಾಹಕತೆ ಹೆಚ್ಚುತ್ತದೆ. ಆದ್ದರಿಂದ ಉದ್ವೇಗವನ್ನು ಅಳೆಯಲು ಅದೊಂದು ಉಪಾಯ.

ಫಲಿತಾಂಶ ಸ್ಪಷ್ಟವಾಗಿತ್ತು. ನೋವನ್ನು ಎತ್ತಿ ಹೇಳಿದ ಧ್ವನಿ ಕೇಳಿದವರಲ್ಲಿ ಉದ್ವೇಗ ಏರಿತ್ತು. ಉಳಿದೆರಡು ವಿವರಣೆಗಳನ್ನು ಕೇಳಿದವರಲ್ಲಿ ಅದು ಕಡಿಮೆ ಇತ್ತು. ಎಲ್ಲರೂ ನೋಡಿದ್ದು ಒಂದೇ ಚಿತ್ರವನ್ನು. ನಮ್ಮ ತಲೆಯೊಳಗೂ ದಿನವಿಡೀ ಇಂಥದೊಂದು ವಿವರಣೆ ನಡೆಯುತ್ತಲೇ ಇರುತ್ತದೆ. ಅದನ್ನು ಬರೆದವರು ನಾವೇ ಎಂಬುದು ಮಾತ್ರ ನಮಗೆ ಮರೆತುಹೋಗಿರುತ್ತದೆ.

ಇದೇ ಕಾಲದಲ್ಲಿ ಫಿಲಡೆಲ್ಫಿಯಾದ ಮನೋವೈದ್ಯ ಆರನ್ ಬೆಕ್ ತಮ್ಮ ರೋಗಿಗಳಲ್ಲಿ ಇದನ್ನು ಬೇರೆ ರೀತಿಯಲ್ಲಿ ಗಮನಿಸಿದರು. ಖಿನ್ನತೆಯಿಂದ ಬಳಲುವವರ ಮನಸ್ಸಿನಲ್ಲಿ ಕೆಲವು ವಾಕ್ಯಗಳು ಕರೆಯದೆ ಬಂದು, ಕ್ಷಣದಲ್ಲಿ ಹಾದುಹೋಗುತ್ತಿದ್ದವು. ಅವನ್ನು ಅವರು ‘ತಾನಾಗಿ ಬರುವ ಆಲೋಚನೆಗಳು’ ಎಂದು ಕರೆದರು. ಆ ವಾಕ್ಯಗಳನ್ನು ಹಿಡಿದು ನಿಲ್ಲಿಸಿ ಸಾಕ್ಷ್ಯ ಕೇಳುವ ಅಭ್ಯಾಸದಿಂದ ರೋಗಿಗಳು ಚೇತರಿಸಿಕೊಳ್ಳುತ್ತಿದ್ದುದನ್ನು ಕಂಡು ಒಂದು ಚಿಕಿತ್ಸಾಕ್ರಮವನ್ನೇ ರೂಪಿಸಿದರು. 2021ರಲ್ಲಿ, ನೂರು ವರ್ಷ ತುಂಬಿದ ಮೇಲೆ ಬೆಕ್ ತೀರಿಕೊಂಡರು. ಅವರು ಹಾಕಿಕೊಟ್ಟ ಚಿಕಿತ್ಸಾಕ್ರಮ ಬೆಂಗಳೂರಿನ ನಿಮ್ಹಾನ್ಸ್ ಸೇರಿದಂತೆ ಜಗತ್ತಿನಾದ್ಯಂತ ಬಳಕೆಯಲ್ಲಿದೆ.

ಅದುಮಿಡುವುದು ಬೇರೆ, ಅರಿಯುವುದು ಬೇರೆ

“ಅಳಬೇಡ”, “ಕೋಪ ತೋರಿಸಬೇಡ”, “ಗಂಡುಹುಡುಗ ಅಳುತ್ತಾನೆಯೇ?” ಎಂಬ ಮಾತುಗಳನ್ನು ನೀವು ಮನೆಯಲ್ಲಿಯೋ ಶಾಲೆಯಲ್ಲಿಯೋ ಕೇಳಿರುತ್ತೀರಿ. ಭಾವನೆಯನ್ನು ಹೊರಗೆ ತೋರಿಸದೆ ನುಂಗಿಕೊಂಡರೆ ಅದು ಕಡಿಮೆಯಾಗುತ್ತದೆಯೇ? ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಜೇಮ್ಸ್ ಗ್ರಾಸ್ 1998ರಲ್ಲಿ ಈ ಪ್ರಶ್ನೆಗೆ ಉತ್ತರ ಹುಡುಕಿದರು. ಅವರೂ ಶಸ್ತ್ರಚಿಕಿತ್ಸೆಯ ಚಿತ್ರವನ್ನೇ ಬಳಸಿದರು. ಕೆಲವರಿಗೆ ಸುಮ್ಮನೆ ನೋಡಲು ಹೇಳಿದರು. ಕೆಲವರಿಗೆ ಮುಖದಲ್ಲಿ ಏನೂ ತೋರಿಸಬೇಡಿ ಎಂದರು. ಇನ್ನು ಕೆಲವರಿಗೆ ವೈದ್ಯಕೀಯ ದೃಷ್ಟಿಯಿಂದ, ತಟಸ್ಥವಾಗಿ ನೋಡಿ ಎಂದರು.

ಅದುಮಿಟ್ಟವರ ಮುಖ ಶಾಂತವಾಗಿತ್ತು. ಆದರೆ ಒಳಗಿನ ಅಸಹ್ಯ ಕಡಿಮೆಯಾಗಿರಲಿಲ್ಲ, ದೇಹದ ಉದ್ವೇಗ ಇನ್ನಷ್ಟು ಹೆಚ್ಚಿತ್ತು. ದೃಷ್ಟಿಯನ್ನೇ ಬದಲಿಸಿಕೊಂಡವರಲ್ಲಿ ಮುಖದ ಮೇಲಿನ ಭಾವವೂ ಇಳಿದಿತ್ತು, ಒಳಗಿನ ಅನುಭವವೂ ಇಳಿದಿತ್ತು. 2000ದಲ್ಲಿ ಜೇನ್ ರಿಚರ್ಡ್ಸ್ ಮತ್ತು ಗ್ರಾಸ್ ಇನ್ನೊಂದು ಸಂಗತಿಯನ್ನು ತೋರಿಸಿದರು. ಭಾವನೆಯನ್ನು ಅದುಮಿಡುವ ಪ್ರಯತ್ನದಲ್ಲಿರುವವರಿಗೆ ಆ ಹೊತ್ತಿನಲ್ಲಿ ಕಂಡದ್ದು, ಕೇಳಿದ್ದು ಸರಿಯಾಗಿ ನೆನಪಿರುವುದಿಲ್ಲ. ವಿದ್ಯಾರ್ಥಿಗಳು ಇದನ್ನು ವಿಶೇಷವಾಗಿ ಗಮನಿಸಬೇಕು. ದುಃಖವನ್ನು ನುಂಗಿಕೊಂಡು ತರಗತಿಯಲ್ಲಿ ಕುಳಿತವರಿಗೆ ಪಾಠ ತಲೆಗೆ ಹತ್ತದಿದ್ದರೆ ಅದು ದಡ್ಡತನವಲ್ಲ. ಗಮನದ ಒಂದು ಪಾಲು ಮುಚ್ಚಳವನ್ನು ಒತ್ತಿಹಿಡಿಯಲು ಖರ್ಚಾಗುತ್ತಿರುತ್ತದೆ.

ಮಿದುಳಿನಲ್ಲಿ ಆಗುವುದೇನು? ಅದರ ಒಳಭಾಗದಲ್ಲಿ, ಎರಡೂ ಬದಿಗೆ, ಬಾದಾಮಿಯಾಕಾರದ ಅಮಿಗ್ಡಲ ಎಂಬ ಚಿಕ್ಕ ಭಾಗವಿದೆ. ಅಪಾಯದ ಸುಳಿವು ಸಿಕ್ಕಾಗ ಮೊದಲು ಎಚ್ಚರಗೊಳ್ಳುವ ಭಾಗಗಳಲ್ಲಿ ಅದೂ ಒಂದು. ಅಲ್ಲಿಂದ ಹೊರಟ ಸೂಚನೆಯಿಂದ ಅಡ್ರಿನಲಿನ್ ರಕ್ತಕ್ಕೆ ಸೇರಿ, ಎದೆಬಡಿತವೂ ಉಸಿರೂ ಹೆಚ್ಚುತ್ತವೆ. ಹಣೆಯ ಹಿಂದಿರುವ ಮುಮ್ಮೆದುಳಿನ ಭಾಗ ವಿಚಾರ ಮಾಡುವ, ತೂಗಿನೋಡುವ ಕೆಲಸಕ್ಕೆ ಸೇರಿದ್ದು. 2002ರಲ್ಲಿ ಕೆವಿನ್ ಆಕ್ಸ್‌ನರ್ ಮತ್ತು ಸಂಗಡಿಗರು ಎಂ.ಆರ್.ಐ. ಯಂತ್ರದಲ್ಲಿ ಜನರಿಗೆ ಮನಸ್ಸನ್ನು ಕಲಕುವ ಚಿತ್ರಗಳನ್ನು ತೋರಿಸಿ, ಅವುಗಳ ಅರ್ಥವನ್ನು ಬೇರೆ ರೀತಿಯಲ್ಲಿ ಯೋಚಿಸಲು ಹೇಳಿದರು. ಹಾಗೆ ಯೋಚಿಸುವಾಗ ಮುಮ್ಮೆದುಳಿನ ಚಟುವಟಿಕೆ ಹೆಚ್ಚಿ, ಅಮಿಗ್ಡಲದ ಚಟುವಟಿಕೆ ಇಳಿಯಿತು. ಆಲೋಚನೆ ಬರೀ ಗಾಳಿಮಾತಲ್ಲ, ಅದು ಮಿದುಳಿನ ಕೆಲಸ. ಅಭ್ಯಾಸದಿಂದ ಚುರುಕಾಗುವ ಕೆಲಸ.

ಒಂದು ಲೆಕ್ಕ ಮಾಡಿ ನೋಡೋಣ

ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಒಳ್ಳೆಯ ಅಂಕ ಪಡೆದು, ಪಿ.ಯು.ಸಿ. ವಿಜ್ಞಾನಕ್ಕೆ ಸೇರಿದ ಒಬ್ಬ ಹುಡುಗಿಯನ್ನು ಕಲ್ಪಿಸಿಕೊಳ್ಳಿ. ಅಲ್ಲಿ ಪಾಠವೆಲ್ಲ ಇಂಗ್ಲಿಷಿನಲ್ಲಿ. ಭೌತಶಾಸ್ತ್ರದ ಮೊದಲ ಕಿರುಪರೀಕ್ಷೆಯಲ್ಲಿ 40ಕ್ಕೆ 11 ಅಂಕ ಬಂದಿದೆ. ಆ ಕ್ಷಣದಲ್ಲಿ ಅವಳ ಮನಸ್ಸು ಮೂರು ವಾಕ್ಯ ಬರೆಯುತ್ತದೆ: “ನನಗೆ ವಿಜ್ಞಾನ ಬರುವುದಿಲ್ಲ. ತರಗತಿಯವರೆಲ್ಲ ನನ್ನನ್ನು ನೋಡಿ ನಗುತ್ತಿದ್ದಾರೆ. ಅಪ್ಪನಿಗೆ ಮುಖ ತೋರಿಸುವುದು ಹೇಗೆ?”

ಈಗ ಮರುಮೌಲ್ಯಮಾಪನಕ್ಕೆ ಹಾಕೋಣ. ಮೊದಲನೆಯ ವಾಕ್ಯಕ್ಕೆ ಸಾಕ್ಷ್ಯ ಉತ್ತರಪತ್ರಿಕೆಯಲ್ಲಿಯೇ ಇದೆ. ಹೋದದ್ದು 29 ಅಂಕ. ಅದರಲ್ಲಿ 12 ಅಂಕ ಹೋದದ್ದು ‘ಡಿರೈವ್’ ಎಂದರೆ ಸೂತ್ರವನ್ನು ಸಾಧಿಸಿ ತೋರಿಸು ಎಂಬಂತಹ ಪದಗಳ ಅರ್ಥ ತಿಳಿಯದೆ. 8 ಅಂಕ ಹೋದದ್ದು ಹೊತ್ತು ಸಾಲದೆ. ಉಳಿದ 9 ಅಂಕದ ಪಾಠ ಮಾತ್ರ ಅವಳಿಗೆ ನಿಜವಾಗಿಯೂ ತಿಳಿದಿರಲಿಲ್ಲ. ಹಾಗಾದರೆ “ವಿಜ್ಞಾನ ಬರುವುದಿಲ್ಲ” ಎಂಬುದು ಸರಿಯಾದ ವಾಕ್ಯವಲ್ಲ. “ಪ್ರಶ್ನೆಯ ಭಾಷೆ ಇನ್ನೂ ಕೈಗೆ ಬಂದಿಲ್ಲ, ಒಂದು ಪಾಠವನ್ನು ಮತ್ತೆ ಓದಬೇಕು” ಎಂಬುದು ಸರಿಯಾದ ವಾಕ್ಯ.

ಎರಡನೆಯದು, ಎಲ್ಲರೂ ನಗುತ್ತಿದ್ದಾರೆ ಎಂಬುದು. ನಿಜವಾಗಿ ಕಂಡದ್ದೇನು? ಹಿಂದಿನ ಬೆಂಚಿನಲ್ಲಿ ಇಬ್ಬರು ನಕ್ಕರು, ಅಷ್ಟೆ. ಯಾವುದಕ್ಕೆ ನಕ್ಕರೋ ಅವಳಿಗೆ ಗೊತ್ತಿಲ್ಲ. ಮೂರನೆಯದು ವಾಕ್ಯವೇ ಅಲ್ಲ, ಪ್ರಶ್ನೆ. ಅದಕ್ಕೆ ಉತ್ತರ ಸಿಗುವುದು ಅಪ್ಪನ ಹತ್ತಿರ ಮಾತಾಡಿದ ಮೇಲೆಯೇ. 

ಇಷ್ಟು ಮಾಡಿದ ಮೇಲೆ ಅವಳ ಬೇಸರ ಮಾಯವಾಯಿತೇ? ಇಲ್ಲ. 11 ಅಂಕ 11 ಅಂಕವೇ. ಆದರೆ ಬೇಸರದ ಗಾತ್ರ ಬದಲಾಯಿತು. ಮೊದಲಿನ ವಾಕ್ಯ ಅವಳನ್ನು ಕಾಲೇಜು ಬಿಡುವ ಯೋಚನೆಯತ್ತ ಒಯ್ಯುತ್ತಿತ್ತು; ಎರಡನೆಯ ವಾಕ್ಯ ಉಪನ್ಯಾಸಕರ ಕೊಠಡಿಯತ್ತ, ನಿಘಂಟಿನತ್ತ ಒಯ್ಯುತ್ತದೆ.

ಇಂಥ ಬದಲಾವಣೆಯಿಂದ ನಿಜವಾದ ಪ್ರಯೋಜನವಿದೆಯೇ ಎಂಬುದನ್ನು ಅಮೆರಿಕದ ತಿಮೊತಿ ವಿಲ್ಸನ್ ಮತ್ತು ಪೆಟ್ರಿಷಿಯಾ ಲಿನ್‌ವಿಲ್ 1982ರಲ್ಲಿ ಪರೀಕ್ಷಿಸಿದರು. ಮೊದಲ ವರ್ಷದಲ್ಲಿ ಅಂಕಗಳ ಚಿಂತೆಯಲ್ಲಿದ್ದ ಕಾಲೇಜು ವಿದ್ಯಾರ್ಥಿಗಳಲ್ಲಿ ಕೆಲವರಿಗೆ ಹಿರಿಯ ವಿದ್ಯಾರ್ಥಿಗಳ ಸಂದರ್ಶನದ ವಿಡಿಯೋ ತೋರಿಸಿದರು. ಆರಂಭದಲ್ಲಿ ತಮಗೂ ಕಡಿಮೆ ಅಂಕ ಬಂದಿತ್ತು, ಆಮೇಲೆ ಸುಧಾರಿಸಿತು ಎಂದು ಆ ಹಿರಿಯರು ಹೇಳುತ್ತಿದ್ದರು. ಎರಡನೆಯ ವರ್ಷದ ಕೊನೆಗೆ, ಈ ಮಾಹಿತಿ ಸಿಗದ ಗುಂಪಿನಲ್ಲಿ 25% ವಿದ್ಯಾರ್ಥಿಗಳು ಕಾಲೇಜು ಬಿಟ್ಟಿದ್ದರು. ಮಾಹಿತಿ ಸಿಕ್ಕ ಗುಂಪಿನಲ್ಲಿ 5% ಮಾತ್ರ. ಇದು ಚಿಕ್ಕ ಅಧ್ಯಯನ; ಇದೊಂದರ ಮೇಲೆ ದೊಡ್ಡ ತೀರ್ಮಾನ ಕಟ್ಟಬಾರದು. ಆದರೂ ‘ನಾನು ದಡ್ಡ’ ಎಂಬುದಕ್ಕೂ ‘ಮೊದಲ ವರ್ಷ ಎಲ್ಲರಿಗೂ ಕಷ್ಟ’ ಎಂಬುದಕ್ಕೂ ಇರುವ ಅಂತರ ಎಷ್ಟು ದೊಡ್ಡದೆಂದು ಊಹಿಸಲು ಇದು ಸಾಕು.

ತಪ್ಪು ತೀರ್ಪಿನ ಗುರುತುಗಳು

ಮನಸ್ಸಿನ ಅವಸರದ ತೀರ್ಪುಗಳಲ್ಲಿ ಕೆಲವು ತಪ್ಪುಗಳು ಮತ್ತೆ ಮತ್ತೆ ಬರುತ್ತವೆ. ಗುರುತು ಗೊತ್ತಿದ್ದರೆ ಹಿಡಿಯುವುದು ಸುಲಭ.

ಕರಿ ಇಲ್ಲವೇ ಬಿಳಿ: “ಮೆಡಿಕಲ್ ಸೀಟು ಸಿಗದಿದ್ದರೆ ನಾನು ಏನೂ ಅಲ್ಲ.” ನಡುವಿನ ಬಣ್ಣಗಳೇ ಇಲ್ಲವೆಂಬಂತೆ ಯೋಚಿಸುವುದು.

ಕಡ್ಡಿಯನ್ನು ಗುಡ್ಡ ಮಾಡುವುದು: ಒಂದು ಪರೀಕ್ಷೆ ಕೆಟ್ಟಿತು, ಆದ್ದರಿಂದ ಕೆಲಸವಿಲ್ಲ, ಬದುಕೇ ಇಲ್ಲ ಎಂದು ಮೆಟ್ಟಿಲು ಮೆಟ್ಟಿಲಾಗಿ ಕೆಳಗಿಳಿಯುವುದು.

ಪರರ ಮನಸ್ಸನ್ನು ಓದುವುದು: ಗೆಳತಿ ಮಾತಾಡಿಸದೆ ಹೋದಳು, ಆದ್ದರಿಂದ ಅವಳಿಗೆ ನನ್ನ ಮೇಲೆ ಸಿಟ್ಟು. ಅವಳಿಗೆ ಬಸ್ಸು ತಪ್ಪುತ್ತಿತ್ತೋ ಏನೋ!

ಹಣೆಪಟ್ಟಿ ಅಂಟಿಸುವುದು: ‘ಲೆಕ್ಕ ತಪ್ಪಿತು’ ಎನ್ನುವ ಬದಲು ‘ನಾನು ದಡ್ಡ’ ಎನ್ನುವುದು. ಮೊದಲನೆಯದು ಒಂದು ಕೆಲಸದ ಬಗ್ಗೆ. ಎರಡನೆಯದು ಇಡೀ ಮನುಷ್ಯನ ಬಗ್ಗೆ.

‘ಯಾವಾಗಲೂ’, ‘ಎಂದಿಗೂ’, ‘ಯಾರೂ’, ‘ಎಲ್ಲರೂ’: ಈ ಪದಗಳು ಬಂದ ಕೂಡಲೇ ಎಚ್ಚರವಾಗಿ. ಅವು ನಿಜವಾಗಿರುವುದು ಅಪರೂಪ.

ಮಾಡುವ ಕ್ರಮ

1. ಅಲೆ ಎತ್ತರದಲ್ಲಿರುವಾಗ ವಾದಕ್ಕಿಳಿಯಬೇಡಿ. ಸಿಟ್ಟೋ ಅಳುವೋ ಉಕ್ಕುತ್ತಿರುವಾಗ ಮೊದಲು ಸ್ವಲ್ಪ ನಡೆಯಿರಿ, ನೀರು ಕುಡಿಯಿರಿ, ಉಸಿರನ್ನು ನಿಧಾನವಾಗಿ ಹೊರಗೆ ಬಿಡಿ.

2. ಹಾಳೆಯನ್ನು ಮೂರು ಭಾಗ ಮಾಡಿ: ನಡೆದದ್ದು, ಮನಸ್ಸು ಹೇಳಿದ್ದು, ಆದ ಭಾವನೆ. ‘ನಡೆದದ್ದು’ ಎಂಬಲ್ಲಿ ಕ್ಯಾಮೆರಾ ಸೆರೆಹಿಡಿಯಬಹುದಾದದ್ದು ಮಾತ್ರ ಬರಲಿ. “ಅವನು ಅವಮಾನಿಸಿದ” ಎಂಬುದು ಕ್ಯಾಮೆರಾಗೆ ಕಾಣುವುದಿಲ್ಲ. “ನಾನು ಉತ್ತರ ಹೇಳುವಾಗ ನಕ್ಕ” ಎಂಬುದು ಕಾಣುತ್ತದೆ. ಭಾವನೆಗೆ 10ಕ್ಕೆ ಎಷ್ಟೆಂದು ಅಂಕ ಕೊಡಿ.

3. ಮನಸ್ಸು ಹೇಳಿದ ಮಾತಿನ ಪರವಾಗಿ ಏನು ಸಾಕ್ಷ್ಯವಿದೆ, ವಿರುದ್ಧವಾಗಿ ಏನಿದೆ ಎಂದು ಬರೆಯಿರಿ. ಎರಡನ್ನೂ ಪ್ರಾಮಾಣಿಕವಾಗಿ ಬರೆಯಿರಿ.

4. ಇದೇ ಸ್ಥಿತಿಯಲ್ಲಿ ನಿಮ್ಮ ತಂಗಿಯೋ ಗೆಳೆಯನೋ ಇದ್ದಿದ್ದರೆ ಏನು ಹೇಳುತ್ತಿದ್ದಿರಿ? ಪರರಿಗೆ ನಾವು ತೋರುವ ನ್ಯಾಯ ನಮ್ಮ ಪಾಲಿಗೆ ಅನೇಕ ವೇಳೆ ಸಿಗುವುದಿಲ್ಲ.

5. ಹೊಸ ವಾಕ್ಯ ಬರೆಯಿರಿ. ಅದು ಸಿಹಿಯಾಗಿರಬೇಕಾಗಿಲ್ಲ, ನಿಜವಾಗಿರಬೇಕು. ನಿಮಗೇ ನಂಬಿಕೆ ಬಾರದ ವಾಕ್ಯದಿಂದ ಪ್ರಯೋಜನವಿಲ್ಲ.

6. ಭಾವನೆಗೆ ಮತ್ತೆ ಅಂಕ ಕೊಡಿ. 9 ಇದ್ದದ್ದು 6ಕ್ಕೆ ಇಳಿದರೆ ಅದೇ ಗೆಲುವು. ನಂತರ, ನಾಳೆ ಮಾಡಬಹುದಾದ ಒಂದು ಕೆಲಸವನ್ನು ಬರೆಯಿರಿ.

ಪರೀಕ್ಷೆಯ ಕೊಠಡಿಯಲ್ಲಿ ಇಷ್ಟೆಲ್ಲಕ್ಕೆ ಸಮಯವಿರುವುದಿಲ್ಲ. ಅಲ್ಲಿಗೆ ಒಂದು ಚಿಕ್ಕ ಉಪಾಯವಿದೆ. ಎದೆ ಹೊಡೆದುಕೊಳ್ಳುವುದನ್ನು ನಿಲ್ಲಿಸಲು ಹೋಗಬೇಡಿ. ಅದರ ಅರ್ಥವನ್ನು ಬದಲಿಸಿ. ಓಟದ ಆರಂಭದ ಗೆರೆಯಲ್ಲಿ ನಿಂತವನ ಎದೆಯೂ ಹಾಗೆಯೇ ಹೊಡೆದುಕೊಳ್ಳುತ್ತದೆ. ದೇಹ ಕೆಲಸಕ್ಕೆ ಸಿದ್ಧವಾಗುವ ರೀತಿ ಅದು. 2010ರಲ್ಲಿ ಜೆರೆಮಿ ಜೇಮಿಸನ್ ಮತ್ತು ಸಂಗಡಿಗರು, ಈ ಉದ್ವೇಗ ಪರೀಕ್ಷೆಗೆ ಸಹಾಯಕವಾಗಬಹುದೆಂದು ಮೊದಲೇ ತಿಳಿಸಲಾದ ವಿದ್ಯಾರ್ಥಿಗಳು ಗಣಿತದಲ್ಲಿ ಹೆಚ್ಚು ಅಂಕ ಪಡೆದುದನ್ನು ವರದಿ ಮಾಡಿದರು. 2014ರಲ್ಲಿ ಹಾರ್ವರ್ಡ್‌ನ ಆಲಿಸನ್ ವುಡ್ ಬ್ರೂಕ್ಸ್, ಭಾಷಣಕ್ಕೋ ಹಾಡಿಗೋ ಮೊದಲು “ಶಾಂತನಾಗಬೇಕು” ಎಂದು ಹೆಣಗುವುದಕ್ಕಿಂತ “ನನಗೆ ಉತ್ಸಾಹವಾಗುತ್ತಿದೆ” ಎಂದುಕೊಳ್ಳುವುದು ಹೆಚ್ಚು ಫಲಕಾರಿ ಎಂದು ತೋರಿಸಿದರು.

ಎಲ್ಲಿ ಇದು ಸಲ್ಲದು

ಯಾವ ಔಷಧವೂ ಎಲ್ಲ ರೋಗಕ್ಕೆ ಆಗುವುದಿಲ್ಲ. ಹಾಸ್ಟೆಲಿನಲ್ಲಿ ಯಾರೋ ನಿಮ್ಮನ್ನು ದಿನವೂ ಪೀಡಿಸುತ್ತಿದ್ದರೆ, ಯಾರೋ ಮೈಮೇಲೆ ಕೈಹಾಕಿದರೆ, ಜಾತಿಯ ಹೆಸರಿನಲ್ಲಿ ಹೀಯಾಳಿಸಿದರೆ, ಅದನ್ನು ಬೇರೆ ರೀತಿ ಯೋಚಿಸಿ ಸಹಿಸಿಕೊಳ್ಳುವುದು ಮರುಮೌಲ್ಯಮಾಪನವಲ್ಲ. ಅದು ಹಾವನ್ನು ಹಗ್ಗವೆಂದು ಹೇಳಿಕೊಳ್ಳುವುದು. ಅಲ್ಲಿ ಬದಲಾಗಬೇಕಾದದ್ದು ನಿಮ್ಮ ಆಲೋಚನೆಯಲ್ಲ, ಪರಿಸ್ಥಿತಿ. ನಂಬಿಕೆಯ ಹಿರಿಯರಿಗೆ, ಅಧ್ಯಾಪಕರಿಗೆ, ಬೇಕಾದರೆ ಪೊಲೀಸರಿಗೆ ಹೇಳಲೇಬೇಕು. ಮಕ್ಕಳ ಸಹಾಯವಾಣಿ 1098 ಇರುವುದೂ ಇದಕ್ಕಾಗಿಯೇ. ಆಲಿಸನ್ ಟ್ರಾಯ್ ಮತ್ತು ಸಂಗಡಿಗರ 2013ರ ಅಧ್ಯಯನವೂ ಇದನ್ನೇ ಸೂಚಿಸಿತು. ನಮ್ಮ ಕೈಮೀರಿದ ಕಷ್ಟಗಳಲ್ಲಿ ಮರುಚಿಂತನೆಯ ಸಾಮರ್ಥ್ಯವಿದ್ದವರು ಖಿನ್ನತೆಗೆ ಕಡಿಮೆ ಒಳಗಾಗಿದ್ದರು. ನಮ್ಮ ಕೈಯಿಂದಲೇ ಸರಿಪಡಿಸಬಹುದಾದ ಕಷ್ಟಗಳಲ್ಲಿ ಅದೇ ಸಾಮರ್ಥ್ಯವಿದ್ದವರಲ್ಲಿ ಖಿನ್ನತೆ ಹೆಚ್ಚಾಗಿತ್ತು.

ಅದೇ ರೀತಿ, ಆಪ್ತರೊಬ್ಬರು ತೀರಿಕೊಂಡಾಗ ಬರುವ ದುಃಖ ತಪ್ಪು ತೀರ್ಪಲ್ಲ. ಅದಕ್ಕೆ ಬೇಕಾದದ್ದು ವಾದವಲ್ಲ. ಕಾಲ, ಜೊತೆಗೆ ಕೂರುವ ಜನ.

ಇನ್ನೊಂದು ಗಡಿಯೂ ಇದೆ. ಎರಡು ವಾರಕ್ಕಿಂತ ಹೆಚ್ಚು ಕಾಲ ಮನಸ್ಸು ಕುಗ್ಗಿಯೇ ಇದ್ದು, ನಿದ್ರೆ, ಊಟ, ಓದು, ಆಟ ಯಾವುದರಲ್ಲೂ ಆಸಕ್ತಿ ಹೋಗಿದ್ದರೆ ಹಾಳೆ ಪೆನ್ನು ಸಾಲದು; ವೈದ್ಯರನ್ನು ಕಾಣಬೇಕು. ಜ್ವರಕ್ಕೆ ಔಷಧ ತೆಗೆದುಕೊಳ್ಳುವುದರಲ್ಲಿ ಇಲ್ಲದ ನಾಚಿಕೆ ಇದಕ್ಕೂ ಬೇಡ. ಬದುಕುವುದೇ ಬೇಡ ಎಂಬ ಯೋಚನೆ ಒಮ್ಮೆ ಸುಳಿದರೂ ಒಬ್ಬರೇ ಇರಬೇಡಿ, ಯಾರಿಗಾದರೂ ಆಗಲೇ ಹೇಳಿ. 2022ರ ಅಕ್ಟೋಬರ್ 10ರಂದು ಆರಂಭವಾದ ‘ಟೆಲಿ ಮಾನಸ್’ ಸಹಾಯವಾಣಿಯ ಸಂಖ್ಯೆ 14416. ಹಗಲು ರಾತ್ರಿ ಕೆಲಸ ಮಾಡುವ ಈ ಸೇವೆ ಉಚಿತ, ಕನ್ನಡದಲ್ಲಿಯೇ ಮಾತಾಡಬಹುದು. ಗೆಳೆಯರು ಯಾರಾದರೂ ನಿಮ್ಮ ಹತ್ತಿರ ಇಂಥ ಮಾತಾಡಿದರೆ “ತಮಾಷೆ ಮಾಡಬೇಡ” ಎಂದು ತಳ್ಳಿಹಾಕದೆ ಪಕ್ಕದಲ್ಲಿ ಕುಳಿತು ಕೇಳಿ, ಹಿರಿಯರೊಬ್ಬರಿಗೆ ತಿಳಿಸಿ. ಅದು ಚಾಡಿಯಲ್ಲ, ಗೆಳೆತನ.

ಪೂರಕ ಪರೀಕ್ಷೆ ನಮ್ಮಲ್ಲಿ ಮೊದಲಿನಿಂದಲೂ ಇತ್ತು. 2024ರಲ್ಲಿ ಎಸ್.ಎಸ್.ಎಲ್.ಸಿ. ಮತ್ತು ದ್ವಿತೀಯ ಪಿ.ಯು.ಸಿ. ವಿದ್ಯಾರ್ಥಿಗಳಿಗೆ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಬಾರಿ ವಾರ್ಷಿಕ ಪರೀಕ್ಷೆ ಬರೆಯುವ ಕ್ರಮ ಬಂದಿತು. ಒಂದು ದಿನದ ಮೂರು ಗಂಟೆಯ ಬರವಣಿಗೆಯಿಂದ ಒಬ್ಬ ವಿದ್ಯಾರ್ಥಿಯ ತಿಳಿವಳಿಕೆಯನ್ನು ಶಾಶ್ವತವಾಗಿ ಅಳೆಯಬಾರದು ಎಂದು ಪರೀಕ್ಷಾ ಮಂಡಳಿಯೇ ಒಪ್ಪಿದಂತಾಯಿತು. ಹಾಗಿರುವಾಗ ಒಂದು ಸಂಜೆಯ ಬೇಸರದಲ್ಲಿ ನಿಮ್ಮ ಬಗ್ಗೆ ನೀವೇ ಬರೆದುಕೊಂಡ ತೀರ್ಪನ್ನು ಕೊನೆಯದೆಂದು ಒಪ್ಪಬೇಕಾಗಿಲ್ಲ. ಈ ವಾರ ನಿಮ್ಮನ್ನು ಕಾಡಿದ ಒಂದೇ ಒಂದು ವಾಕ್ಯವನ್ನು ಆರಿಸಿಕೊಳ್ಳಿ. ಹಾಳೆಯ ಮೇಲೆ ಬರೆಯಿರಿ. ಅದಕ್ಕೆ ಎಷ್ಟು ಅಂಕ ಸಲ್ಲುತ್ತದೆಂದು ಮತ್ತೊಮ್ಮೆ ನೋಡಿ.